ತಂಪು ಸೀಮೆಯ ಸಿರಾ: ಮೆಣಸಿನ ಘಾಟಿನಾಚೆ

ಸಿರಾ ಒಂದು ಕಪ್ಪು ದ್ರಾಕ್ಷಿ, ಅದರಿಂದ ಮಾಡುವ ಕೆಂಪು ವೈನಿಗೂ ಅದೇ ಹೆಸರು. ತಂಪು ಸೀಮೆಯ ಸಿರಾ ಎಂದರೆ ಕಾಳುಮೆಣಸಿನ ವಾಸನೆ ಎನ್ನುವವರೇ ಹೆಚ್ಚು. ಮಾತು ಸುಳ್ಳಲ್ಲ. ಆದರೆ ಮೆಣಸನ್ನಷ್ಟೇ ಹುಡುಕುತ್ತಾ ಕುಡಿದರೆ ಈ ಕೆಂಪು ವೈನಿನ ಅರ್ಧ ಗುಣ ಕೈತಪ್ಪಿಹೋಗುತ್ತದೆ. ಆಸ್ಟ್ರೇಲಿಯಾದ ಗ್ರಾಂಪಿಯನ್ಸ್, ನ್ಯೂಜಿಲೆಂಡಿನ ಗಿಂಬ್ಲೆಟ್ ಗ್ರಾವೆಲ್ಸ್, ಫ್ರಾನ್ಸಿನ ಉತ್ತರ ರೋನ್ ಕಣಿವೆಯ ಕೋತ್-ರೋತಿ ಮತ್ತು ಕೊರ್ನಾಸ್, ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಕುಡಿದ ಮೇಲೆ ನನಗೆ ಇದು ಖಾತ್ರಿಯಾಗಿದೆ.

ಹೋಲಿಸಿ ನೋಡಲು ಬಿಸಿ ಸೀಮೆಯದೊಂದು ಗ್ಲಾಸು ಜೊತೆಗಿರಬೇಕು. ಅದಕ್ಕೆ ಆಸ್ಟ್ರೇಲಿಯಾದ ಬರೋಸಾ ಕಣಿವೆಯ ಶಿರಾಜ್ ಸರಿ. ಸಿರಾಗೆ ಅಲ್ಲಿನ ಹೆಸರು ಶಿರಾಜ್. ದ್ರಾಕ್ಷಿ ಅದೇ, ಆದರೆ ಮಾಗಿದ ಪ್ಲಮ್ ಹಣ್ಣಿನ ಜ್ಯಾಮ್, ಚಾಕೊಲೇಟು, 14.5 ಶೇಕಡಾ ದಾಟುವ ಆಲ್ಕೊಹಾಲು, ಗಂಟಲಲ್ಲಿ ಕಾವು. ಅದನ್ನು ಕುಡಿದು ಉಳಿದ ನಾಲ್ಕರ ಕಡೆ ಬಂದರೆ ಮೊದಲು ಗೊತ್ತಾಗುವುದು ವಾಸನೆಯಲ್ಲ, ಹುಳಿ. ಬಾಯಲ್ಲಿ ನೀರೂರುತ್ತದೆ, ಮತ್ತೊಂದು ಗುಟುಕು ಬೇಕೆನಿಸುತ್ತದೆ.

ಮೆಣಸಿನ ವಿಷಯದಲ್ಲಿ ಗ್ರಾಂಪಿಯನ್ಸ್ ಎಲ್ಲರಿಗಿಂತ ಮುಂದೆ. ಈ ವಾಸನೆಗೆ ಕಾರಣ ರೊಟುಂಡೋನ್ ಎಂಬ ಸಂಯುಕ್ತ. ಆಸ್ಟ್ರೇಲಿಯಾದ ವಿಜ್ಞಾನಿಗಳು ಶಿರಾಜ್‌ನಲ್ಲಿ ಇದರ ಪಾತ್ರವನ್ನು ಗುರುತಿಸಿ 2008ರಲ್ಲಿ ಪ್ರಕಟಿಸಿದರು. ಕಾಳುಮೆಣಸಿನಲ್ಲಿ, ರೋಸ್ಮರಿಯಲ್ಲಿ ಇರುವುದೂ ಇದೇ. ಲೀಟರಿಗೆ 16 ನ್ಯಾನೊಗ್ರಾಂ ಇದ್ದರೂ ಕೆಂಪು ವೈನಿನಲ್ಲಿ ಮೂಗಿಗೆ ಹತ್ತುತ್ತದೆ. ಹಾಗಿದ್ದರೂ ಸುಮಾರು ಐವರಲ್ಲಿ ಒಬ್ಬರಿಗೆ ಇದರ ವಾಸನೆಯೇ ತಿಳಿಯದು. ಹಾಗಾಗಿ ಒಂದೇ ಬಾಟಲಿಯ ಬಗ್ಗೆ ಇಬ್ಬರು ಬೇರೆ ಬೇರೆ ಮಾತಾಡಿದರೆ ಇಬ್ಬರೂ ಸರಿಯಿರಬಹುದು. ರೊಟುಂಡೋನ್ ಸೇರಿಕೊಳ್ಳುವುದು ದ್ರಾಕ್ಷಿಯ ಸಿಪ್ಪೆಯಲ್ಲಿ. ಗೊಂಚಲು ನೆರಳಲ್ಲಿದ್ದು ನಿಧಾನವಾಗಿ ಮಾಗಿದರೆ ಹೆಚ್ಚು, ಬಿಸಿಲಿಗೆ ಕಾದರೆ ಕಡಿಮೆ. ಗ್ರಾಂಪಿಯನ್ಸ್‌ನ ಮೊದಲ ಗ್ಲಾಸು ಅದ್ಭುತ. ಎರಡನೆಯದಕ್ಕೆ ಬರುವಷ್ಟರಲ್ಲಿ ಮೆಣಸು ಉಳಿದೆಲ್ಲವನ್ನೂ ಹಿಂದಕ್ಕೆ ತಳ್ಳಿರುತ್ತದೆ.

ಗಿಂಬ್ಲೆಟ್ ಗ್ರಾವೆಲ್ಸ್ 1867ರ ಪ್ರವಾಹದ ನಂತರ ನರುರೊರೊ ನದಿ ಪಾತ್ರ ಬದಲಿಸಿದಾಗ ಮೇಲೆ ಬಂದ ಜಲ್ಲಿಕಲ್ಲಿನ ನೆಲ. ಹಗಲಿನ ಕಾವನ್ನು ಕಲ್ಲು ಹಿಡಿದಿಟ್ಟುಕೊಳ್ಳುವುದರಿಂದ ಆ ತಂಪಿನಲ್ಲೂ ಸಿರಾ ಮಾಗುತ್ತದೆ. ಬ್ಲ್ಯಾಕ್‌ಬೆರಿ, ವಯೊಲೆಟ್ ಹೂವು, ಹದವಾದ ಮೆಣಸು, ಎಲ್ಲವೂ ಸ್ವಚ್ಛ. ಸಿರಾವನ್ನು ಮೊದಲ ಸಲ ಕುಡಿಯುವವರ ಕೈಗೆ ನಾನು ಕೊಡುವುದು ಇದನ್ನೇ.

ಆದರೆ ನನ್ನ ಮನಸ್ಸು ನಿಂತಿರುವುದು ಕೋತ್-ರೋತಿಯಲ್ಲಿ. ರೋನ್ ನದಿಯ ಮೇಲಿನ ಕಡಿದಾದ ಇಳಿಜಾರು, ಕೈಯಿಂದಲೇ ನಡೆಯಬೇಕಾದ ಕೊಯ್ಲು. ಇಲ್ಲಿನ ನಿಯಮದಂತೆ ವಿಯೋನಿಯೇ ಎಂಬ ಬಿಳಿ ದ್ರಾಕ್ಷಿಯನ್ನು ಶೇಕಡಾ 20ರವರೆಗೆ ಸೇರಿಸಬಹುದು. ಹಾಗೆ ಸೇರಿಸಿದರೆ ಎರಡೂ ಒಟ್ಟಿಗೇ ಹುದುಗಬೇಕು. ಬಹಳ ಮಂದಿ ಇದಕ್ಕಿಂತ ತೀರಾ ಕಡಿಮೆ ಹಾಕುತ್ತಾರೆ, ಕೆಲವರು ಹಾಕುವುದೇ ಇಲ್ಲ. ಇನ್ನು ಕೆಲವರು ಗೊಂಚಲನ್ನು ತೊಟ್ಟಿನ ಸಮೇತ ಹುದುಗಿಸುತ್ತಾರೆ. ಆಗ ಹೂವಿನ ಕಂಪಿನ ಪಕ್ಕದಲ್ಲೇ ಹಸಿರು ಸೊಪ್ಪಿನದೊಂದು ಎಳೆ ಸಿಗುತ್ತದೆ. ವಯೊಲೆಟ್, ಕಪ್ಪು ಆಲಿವ್, ಹೊಗೆಗಿಟ್ಟ ಮಾಂಸ ಒಂದರ ಹಿಂದೊಂದು ಬರುತ್ತವೆ, ಮೆಣಸು ಅವುಗಳ ನಡುವೆ ಎಲ್ಲೋ ಇರುತ್ತದೆ. ಹಣ್ಣಿನಿಂದ ಮಾಡಿದ ಪಾನೀಯದಲ್ಲಿ ಹಣ್ಣೇ ಹಿಂದೆ ಸರಿದು ಇಷ್ಟೆಲ್ಲಕ್ಕೆ ಜಾಗ ಬಿಟ್ಟುಕೊಡುವುದು ನನಗೆ ಇಂದಿಗೂ ಬೆರಗು. ತೆರೆದ ಕೂಡಲೇ ರಬ್ಬರಿನಂತೆಯೋ ಗೀರಿದ ಬೆಂಕಿಕಡ್ಡಿಯಂತೆಯೋ ವಾಸನೆ ಬಂದರೆ ಬಾಟಲಿ ಕೆಟ್ಟಿದೆ ಎಂದುಕೊಳ್ಳಬೇಡಿ. ಹುದುಗುವಾಗ ಗಾಳಿ ಸಾಲದಿದ್ದರೆ ಸಿರಾದಲ್ಲಿ ಗಂಧಕದ ವಾಸನೆ ಉಳಿಯುವುದುಂಟು. ಅಗಲ ಬಾಯಿಯ ಜಗ್ಗಿಗೆ ಸುರಿದು ಒಂದು ಗಂಟೆ ಬಿಟ್ಟರೆ ಬಹುತೇಕ ಹೋಗುತ್ತದೆ.

ಕೊರ್ನಾಸ್ ಇದರ ಎದುರಾಳಿ. ಅಲ್ಲಿ ನಿಯಮದ ಪ್ರಕಾರ ಸಿರಾ ಬಿಟ್ಟು ಬೇರೆ ದ್ರಾಕ್ಷಿ ಸೇರುವಂತಿಲ್ಲ. ಗ್ರಾನೈಟ್ ನೆಲ, ಗುಡ್ಡಗಳು ಮರೆಯಾಗಿ ನಿಂತು ಉತ್ತರದ ಗಾಳಿಯನ್ನು ತಡೆಯುತ್ತವೆ. ಹಾಗಾಗಿ ಉತ್ತರ ರೋನ್‌ನಲ್ಲೇ ಕಾವು ಹೆಚ್ಚಿರುವ ಜಾಗ ಇದು. ವೈನು ಎಳೆಯದಾಗಿದ್ದಾಗ ಒಗರು ನಾಲಿಗೆಯನ್ನು ಹಿಡಿದು ಬಿಡುವುದಿಲ್ಲ. ತೆರೆದ ದಿನ ಕೋತ್-ರೋತಿ ಗೆಲ್ಲುತ್ತದೆ. ಬಿರಡೆ ಹಾಕಿ ಮರುದಿನ ಕುಡಿದರೆ ಕೊರ್ನಾಸ್‌ನ ಒಗರು ಸಡಿಲಗೊಂಡಿರುತ್ತದೆ, ಅದರಡಿಯಿದ್ದ ಕಪ್ಪು ಹಣ್ಣು ಮೇಲೆ ಬಂದಿರುತ್ತದೆ. ಆಗ ನನಗೆ ಆಯ್ಕೆ ಕಷ್ಟ. ಎರಡನ್ನೂ 16 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುಡಿಯಿರಿ. 20 ದಾಟಿದರೆ ಆಲ್ಕೊಹಾಲು ಮೂಗಿಗೆ ಮೊದಲು ಬಡಿದು, ವಯೊಲೆಟ್ ಸಿಗುವುದೇ ಇಲ್ಲ.