ಬಟನ್ ನೋಡಿ ಟೈರ್ ತಗೋಬೇಡಿ: ಗಜೇಂದ್ರಗಡದ ಕಲ್ಲಿನಲ್ಲಿ ನಮಗೆ ಆದದ್ದು

ಎಕ್ಸ್‌ಪಲ್ಸ್, ಹಿಮಾಲಯನ್‌ನಂಥ ಬೈಕ್ ಇಟ್ಟುಕೊಂಡು ರವಿವಾರ ಗುಡ್ಡ ಹತ್ತುವ ಹುಬ್ಬಳ್ಳಿ-ಧಾರವಾಡ, ಗದಗ ಕಡೆಯ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೊಸ ಟೈರ್ ಕೊಳ್ಳುವ ಮೊದಲು ದಯವಿಟ್ಟು ಓದಿ. ನನ್ನ ಕಾಕಾನ ಮಗ ಆರು ವಾರ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಮನೆಯಲ್ಲಿ ಕುಳಿತಿದ್ದ. ಅದಕ್ಕೆ ಕಾರಣ ನಾನು ತಂದ ಟೈರ್.

ನನ್ನದು ಎಕ್ಸ್‌ಪಲ್ಸ್ 200. ಮುಂದೆ 21 ಇಂಚಿನ ಗಾಲಿ, ಹಿಂದೆ 18. ಸ್ಪೋಕ್ ಗಾಲಿ, ಒಳಗೆ ಟ್ಯೂಬ್. ಗಾಡಿ ಜೊತೆ ಬಂದಿದ್ದ ಟೈರ್ ಸವೆದಿತ್ತು. 2024ರ ನವೆಂಬರ್‌ನಲ್ಲಿ ಹುಬ್ಬಳ್ಳಿಯ ಒಂದು ಅಂಗಡಿಗೆ ಹೋದೆ. ಕಲ್ಲಿನ ದಾರಿಗೆ ಗಟ್ಟಿ ಟೈರ್ ಬೇಕು ಅಂದೆ. ಅಂಗಡಿಯವರು ಒಳಗಿಂದ ದೊಡ್ಡ ದೊಡ್ಡ ಬಟನ್ (ಟೈರಿನ ಮೇಲೆ ಉಬ್ಬಿಕೊಂಡಿರುವ ರಬ್ಬರ್ ತುಂಡು) ಇರುವ ಒಂದು ಜೋಡಿ ತಂದಿಟ್ಟರು. "ಅಣ್ಣಾರ, ಬಟನ್ ನೋಡ್ರಿ ಎಷ್ಟು ದಪ್ಪ ಅದಾವ. ಎಂಥಾ ಕಲ್ಲಿದ್ರೂ ಕಿತ್ಕೊಂಡು ಹೋಗ್ತೈತಿ" ಅಂದರು. ಬೇರೆ ಕಡೆಗಿಂತ ಸಾವಿರ ರೂಪಾಯಿ ಕಡಿಮೆ. ಬಿಲ್ ಬೇಡ ಅಂದರೆ ಇನ್ನೂ ಸ್ವಲ್ಪ ಕಡಿಮೆ. ನಾನು ಬಟನ್ ನೋಡಿದೆ, ರೇಟ್ ನೋಡಿದೆ, ಹಾಕಿಸಿಕೊಂಡು ಬಂದೆ. ಟೈರಿನ ಪಕ್ಕದಲ್ಲಿ ಏನು ಬರೆದಿದೆ ಅಂತ ಒಂದು ಸಲ ಕೂಡ ನೋಡಲಿಲ್ಲ.

ಮೊದಲ ತಿಂಗಳು ಡಾಂಬರ್ ರಸ್ತೆಯಲ್ಲೇ ಓಡಿಸಿದೆ. ಬಟನ್‌ಗಳ ಬುಡದಲ್ಲಿ ಕೂದಲೆಳೆಯಂಥ ಸೀಳು ಕಾಣಿಸಿತು. ಹೊಸ ರಬ್ಬರ್, ಹಿಗ್ಗಿದೆ ಅಂದುಕೊಂಡು ಸುಮ್ನೆ ಬಿಟ್ಟೆ.

ಜನವರಿಯಲ್ಲಿ ನಾನು, ಕಾಕಾನ ಮಗ ಇಬ್ಬರೂ ಗದಗ, ನರೇಗಲ್ ಮೇಲೆ ಗಜೇಂದ್ರಗಡಕ್ಕೆ ಹೊರಟೆವು. (ಗದಗ ಕಡೆಯ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅದರೊಳಗೆ ಗಾಡಿ ನುಗ್ಗಿಸುವ ವಿಚಾರ ಯಾರೂ ಮಾಡಬೇಡಿ.) ನರೇಗಲ್ ತನಕ ಎರಡೂ ಕಡೆ ಎರೆ ಹೊಲ, ನುಣ್ಣಗಿನ ದಾರಿ. ಗಜೇಂದ್ರಗಡ ಹತ್ತಿರ ಬಂದಂತೆ ನೆಲವೇ ಬದಲಾಗುತ್ತದೆ. ಗಾಳಿಯಂತ್ರಗಳಿರುವ ಗುಡ್ಡದ ಕಡೆ ಹತ್ತುವ ಬಂಡಿದಾರಿಯಲ್ಲಿ ಮಣ್ಣಿಗಿಂತ ಕಲ್ಲೇ ಜಾಸ್ತಿ. ಕೆಲವು ನೆಲದಲ್ಲಿ ಹೂತು ಅಂಚು ಮಾತ್ರ ಮೇಲೆ ಬಿಟ್ಟಿರುತ್ತವೆ, ಕುಡಗೋಲಿನ ಹಾಗೆ.

ಗುಡ್ಡದ ಬುಡದಲ್ಲಿ ನಾನು ಎರಡೂ ಗಾಲಿಗೆ ಗಾಳಿ 15 ಪಿಎಸ್‌ಐಗೆ (ಗಾಳಿಯ ಒತ್ತಡದ ಅಳತೆ) ಇಳಿಸಿದೆ. ವಿಡಿಯೋದಲ್ಲಿ ಹಾಗೆ ಮಾಡುವುದನ್ನು ನೋಡಿದ್ದೆ. ಅದು ಮರಳಿನ ಲೆಕ್ಕ ಅನ್ನುವುದು ಆಗ ಹೊಳೆಯಲಿಲ್ಲ. ಅರ್ಧ ಗಂಟೆಯಲ್ಲಿ ಮುಂದಿನ ಟ್ಯೂಬ್ ಹೋಯಿತು. ಬಿಚ್ಚಿ ನೋಡಿದರೆ ಅಕ್ಕಪಕ್ಕ ಎರಡು ತೂತು, ಹಾವು ಕಚ್ಚಿದ ಹಾಗೆ. ಮುಳ್ಳು ಚುಚ್ಚಿದರೆ ಒಂದೇ ತೂತು ಇರುತ್ತದೆ. ಗಾಳಿ ಕಡಿಮೆ ಇದ್ದಾಗ ಕಲ್ಲು ಟೈರನ್ನು ರಿಮ್ ತನಕ ಒತ್ತಿಬಿಡುತ್ತದೆ. ನಡುವೆ ಸಿಕ್ಕ ಟ್ಯೂಬ್ ಎರಡು ಕಡೆ ಕಡಿಯುತ್ತದೆ. ಪ್ಯಾಚ್ ಹಾಕಿ ಮುಂದಿನದಕ್ಕೆ ಗಾಳಿ ಹೊಡೆದೆವು. ಪಂಪ್ ಚಿಕ್ಕದು, ಕೈ ಸೋತಿತ್ತು. ಹಿಂದಿನದನ್ನು ಹಾಗೇ ಬಿಟ್ಟೆ. ಅದು ಪೂರ್ತಿ ನನ್ನ ತಪ್ಪು.

"ಅಣ್ಣಾ, ಈ ಏರು ನಾ ಹತ್ತಸ್ತೀನಿ" ಅಂದ ತಮ್ಮ. ಗಾಡಿ ಕೊಟ್ಟು ನಾನು ಹಿಂದೆ ನಡೆದು ಬರುತ್ತಿದ್ದೆ. ಏರಿನ ನಡುವೆ ಹಿಂದಿನ ಗಾಲಿ ಒಂದು ಕಲ್ಲಿನ ಅಂಚಿಗೆ ಉಜ್ಜಿತು. ಬಟ್ಟೆ ಹರಿದಂಥ ಸದ್ದು ಬಂತು. ಒಂದೇ ಕ್ಷಣಕ್ಕೆ ಗಾಳಿ ಪೂರ್ತಿ ಹೋಯಿತು. ಗಾಡಿಯ ಹಿಂಭಾಗ ಅಡ್ಡ ತಿರುಗಿ, ತಮ್ಮ ಕಲ್ಲಿನ ಮೇಲೆ ಕೈ ಊರಿ ಬಿದ್ದ. ಮಣಿಕಟ್ಟು ಮುರಿದಿತ್ತು. ಅಲ್ಲೇ ಕುರಿ ಕಾಯುತ್ತಿದ್ದ ಒಬ್ಬ ಅಜ್ಜ ತನ್ನ ರುಮಾಲು ಬಿಚ್ಚಿ ಅವನ ಕೈ ಕಟ್ಟಿ, ಕೆಳಗೆ ರಸ್ತೆ ತನಕ ಜೊತೆಗೆ ಬಂದ. ಟಂಟಂ ಹಿಡಿದು ಊರಿಗೆ ಇಳಿದೆವು. ಆ ಅಜ್ಜನ ಹೆಸರು ಕೇಳುವ ಎಚ್ಚರವೂ ನನಗೆ ಇರಲಿಲ್ಲ.

ಮರುದಿನ ಗಾಡಿ ತರಲು ಹೋದಾಗ ಪಂಕ್ಚರ್ ಅಂಗಡಿಯವರು ಟೈರ್ ಬಿಚ್ಚಿ ನೆಲಕ್ಕೆ ಹಾಕಿದರು. ಸೈಡ್‌ವಾಲ್, ಅಂದರೆ ಟೈರಿನ ಪಕ್ಕ, ಎರಡು ಇಂಚು ಸೀಳಿತ್ತು. ಆರೇಳು ಬಟನ್ ಬುಡದಿಂದಲೇ ಕಿತ್ತು ಹೋಗಿದ್ದವು. ಅವರು ಸೀಳನ್ನು ಎರಡು ಬೆರಳಿನಿಂದ ಅಗಲಿಸಿ, "ಇದರಾಗ ದಾರನ ಇಲ್ಲಲ್ರೀ" ಅಂದರು. ಆಮೇಲೆ ಚೈನ್ ಕಡೆ ಇದ್ದ ಪಕ್ಕವನ್ನು ತಿರುಗಿಸಿ ನಾಲ್ಕು ಅಂಕಿ ತೋರಿಸಿದರು: 1417. ಅಂದರೆ 2017ರ ಹದಿನಾಲ್ಕನೇ ವಾರ. ನನಗೆ ಹೊಸದು ಅಂತ ಮಾರಿದ ಟೈರ್ ಏಳು ವರ್ಷ ಗೋಡೌನ್‌ನಲ್ಲಿ ಒಣಗಿತ್ತು. ಅಂಕಿ ಒಳಗಡೆ ಬರುವ ಹಾಗೆ ಅದನ್ನು ಕೂರಿಸಿದ್ದರು.

ರಬ್ಬರ್ ಓಡಿಸದಿದ್ದರೂ ಹಳೆಯದಾಗುತ್ತದೆ. ಮೆದು ಹೋಗಿ ಬಿರುಸಾಗುತ್ತದೆ. ಬಿರುಸಾದ ಬಟನ್ ಕಲ್ಲಿಗೆ ಬಾಗುವುದಿಲ್ಲ, ಮುರಿಯುತ್ತದೆ.

ನನಗೆ ಈಗ ಅರ್ಥವಾಗಿರುವುದು ಇಷ್ಟು. ದೊಡ್ಡ ಬಟನ್, ನಡುವೆ ಅಗಲ ಜಾಗ ಇರುವ ಟೈರ್ ಕೆಸರಿಗೆ ಒಳ್ಳೆಯದು. ನಮ್ಮ ಎರೆ ಮಣ್ಣಿನ ರಾಡಿಯನ್ನು ಅದು ಉದುರಿಸುತ್ತದೆ. ಕಲ್ಲಿಗೆ ಬೇಕಾದದ್ದು ಬೇರೆ. ಬಟನ್ ಗಿಡ್ಡ ಇರಲಿ, ಹತ್ತಿರ ಹತ್ತಿರ ಇರಲಿ, ಬುಡದಲ್ಲಿ ಒಂದಕ್ಕೊಂದು ರಬ್ಬರಿನಿಂದ ಕೂಡಿಕೊಂಡಿರಲಿ. ಅದಕ್ಕಿಂತ ಮುಖ್ಯ, ಟೈರಿನ ಮೈ ಗಟ್ಟಿ ಇರಬೇಕು. ಕಲ್ಲು ಕೊಯ್ಯುವುದು ಪಕ್ಕವನ್ನು. ಒಳಗೆ ಎಷ್ಟು ಪದರ ನೈಲಾನ್ ದಾರ ಇದೆ ಅಂತ ಎಷ್ಟೋ ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಓದಿ. 4ಪಿಆರ್, 6ಪಿಆರ್ ಅಂತ ಇದ್ದರೆ ಅದು ಪದರದ ಎಣಿಕೆ ಅಲ್ಲ, ಬಲದ ಅಳತೆ. ಸೈಜ್ ಮುಂದೆ 62ಪಿ ಥರ ಒಂದು ಬರಹ ಇರುತ್ತದೆ. 62 ಅಂದರೆ ಆ ಟೈರ್ 265 ಕಿಲೋ ಹೊರುತ್ತದೆ, ಪಿ ಅಂದರೆ ಗಂಟೆಗೆ 150 ಕಿ.ಮೀ. ವೇಗದ ಮಿತಿ. ಗಾಡಿಯ ಜೊತೆ ಬಂದ ಟೈರಿನ ಅಂಕಿಗಿಂತ ಕಡಿಮೆ ಇರುವುದನ್ನು ಹಾಕಿಸಬೇಡಿ. ಒಂದೇ ಸೈಜಿನ ಎರಡು ಟೈರ್ ಕೈಯಲ್ಲಿ ಎತ್ತಿ ನೋಡಿ, ಪಕ್ಕವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ತೀರಾ ಹಗುರ, ತೀರಾ ತೆಳು ಅನ್ನಿಸಿದರೆ ವಾಪಸ್ ಕೊಡಿ.

ತಯಾರಾದ ವಾರ ಮತ್ತು ವರ್ಷದ ನಾಲ್ಕು ಅಂಕಿಯನ್ನು ಕೂರಿಸುವ ಮೊದಲೇ ನೋಡಿ. ಅದು ಒಂದೇ ಪಕ್ಕದಲ್ಲಿ ಇರಬಹುದು, ಎರಡೂ ಕಡೆ ತಿರುಗಿಸಿ ನೋಡಿ. ಒಂದು ವರ್ಷಕ್ಕಿಂತ ಹಳೆಯದಿದ್ದರೆ ನಾನಂತೂ ಈಗ ಮುಟ್ಟುವುದಿಲ್ಲ. ಆ ಅಂಕಿಯನ್ನು ಬಿಲ್ ಮೇಲೆ ಬರೆಸಿಕೊಳ್ಳಿ. ನಾನು ಟೈರ್ ಹೊತ್ತು ಅಂಗಡಿಗೆ ವಾಪಸ್ ಹೋದಾಗ, "ಕಲ್ಲಿಗೆ ಹೊಡದ್ರ ಗ್ಯಾರಂಟಿ ಬರೂದಿಲ್ರೀ. ಇಷ್ಟಕ್ಕೂ ನಮ್ಮಲ್ಲೇ ತಗೊಂಡಿದ್ದು ಅನ್ನೂದಕ್ಕ ಬಿಲ್ ಎಲ್ಲೈತಿ?" ಅಂದರು. ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಗಾಳಿ ವಿಚಾರ ಇನ್ನೊಂದು. ಟ್ಯೂಬ್ ಗಾಲಿಯಲ್ಲಿ ಗಾಳಿ ಕಡಿಮೆ ಇದ್ದರೆ ಟೈರ್ ರಿಮ್ ಮೇಲೆ ಜಾರಿ ಟ್ಯೂಬನ್ನು ಜೊತೆಗೆ ಎಳೆಯುತ್ತದೆ, ವಾಲ್ವ್ ಬುಡ ಹರಿಯುತ್ತದೆ. ವಾಲ್ವ್ ಓರೆಯಾಗಿ ನಿಂತಿದ್ದು ಕಂಡರೆ ಅಲ್ಲೇ ಗಾಡಿ ನಿಲ್ಲಿಸಿ. ಕಲ್ಲಿನಲ್ಲಿ ನಾನು ಈಗ 22 ಪಿಎಸ್‌ಐಗಿಂತ ಕೆಳಗೆ ಇಳಿಸುವುದಿಲ್ಲ.

ತಮ್ಮನ ಕೈ ಕೂಡಿಕೊಂಡಿದೆ, ಆದರೆ ಕ್ಲಚ್ ಜಾಸ್ತಿ ಹೊತ್ತು ಹಿಡಿದರೆ ಇನ್ನೂ ನೋಯುತ್ತದೆ ಅನ್ನುತ್ತಾನೆ. ಸೀಳಿದ ಟೈರನ್ನು ನಾನು ಎಸೆದಿಲ್ಲ. ನಮ್ಮ ಗುಂಪಿನಲ್ಲಿ ಯಾರೇ ಹೊಸ ಟೈರ್ ಕೊಳ್ಳಲು ಹೊರಟರೂ ಮೊದಲು ಮನೆಗೆ ಕರೆದು, ಆ ಸೀಳಿನಲ್ಲಿ ಬೆರಳು ಹಾಕಿ ನೋಡು ಅನ್ನುತ್ತೇನೆ.