ಫ್ರಿಸ್ಕೊ ಮತ್ತು ಕ್ಯಾರಿ: ಚಿಕ್ಕ ಮಕ್ಕಳೊಂದಿಗೆ ಎರಡೂ ಕಡೆ ಬಾಡಿಗೆಗಿದ್ದು ಮಾಡಿದ ಹೋಲಿಕೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮನೆ ಕೊಳ್ಳುವ ಆಸೆಯನ್ನು ಕೈಬಿಟ್ಟ ಕನ್ನಡ ಕುಟುಂಬಗಳ ಮಾತಿನಲ್ಲಿ ಈಗ ಎರಡು ಊರುಗಳ ಹೆಸರು ಮೇಲಿಂದ ಮೇಲೆ ಬರುತ್ತದೆ. ಒಂದು ಟೆಕ್ಸಸ್‌ನಲ್ಲಿ ಡಲ್ಲಾಸ್‌ನ ಉತ್ತರಕ್ಕಿರುವ ಫ್ರಿಸ್ಕೊ, ಇನ್ನೊಂದು ನಾರ್ತ್ ಕ್ಯಾರೊಲಿನಾದಲ್ಲಿ ರಾಲಿಗೆ ಅಂಟಿಕೊಂಡಿರುವ ಕ್ಯಾರಿ. ನಮ್ಮಿಬ್ಬರ ಕೆಲಸವೂ ಮನೆಯಿಂದಲೇ ನಡೆಯುವಂಥದ್ದಾದ್ದರಿಂದ, ಮೊದಲು ಫ್ರಿಸ್ಕೊದಲ್ಲಿಯೂ ಅಲ್ಲಿಯ ಕರಾರು ಮುಗಿದ ಮೇಲೆ ಕ್ಯಾರಿಯಲ್ಲಿಯೂ ಬಾಡಿಗೆಗಿದ್ದು ನೋಡಿ, ಆಮೇಲೆ ಮನೆ ಕೊಳ್ಳುವುದೆಂದು ನಿರ್ಧರಿಸಿದೆವು. ಮಗಳು ಆಗಷ್ಟೇ ಕಿಂಡರ್‌ಗಾರ್ಟನ್ ವಯಸ್ಸಿಗೆ ಬಂದಿದ್ದಳು, ಮಗ ಇನ್ನೂ ಅಂಬೆಗಾಲಿಡುತ್ತಿದ್ದ. ಮಕ್ಕಳು ಹೈಸ್ಕೂಲಿನಲ್ಲಿರುವ ಕುಟುಂಬಕ್ಕೆ ಇದೇ ಹೋಲಿಕೆ ಬೇರೆ ಉತ್ತರವನ್ನು ಕೊಟ್ಟೀತು ಎಂಬುದರಿಂದ ಈ ವಿವರವನ್ನು ಮೊದಲೇ ಹೇಳುತ್ತಿದ್ದೇನೆ.

ಫ್ರಿಸ್ಕೊ ಪರವಾಗಿ ಎಲ್ಲರೂ ಮೊದಲು ಮುಂದಿಡುವ ವಾದ, ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲವೆಂಬುದು. ಮಾತೇನೋ ನಿಜ, ಆದರೆ ಅಲ್ಲಿಯ ಸ್ಥಳೀಯ ಸಂಸ್ಥೆಗಳು ತಮ್ಮ ಪಾಲನ್ನು ಆಸ್ತಿ ತೆರಿಗೆಯಿಂದ ಪಡೆದುಕೊಳ್ಳುತ್ತವೆ. ಫ್ರಿಸ್ಕೊದ ಕಾಲಿನ್ ಕೌಂಟಿ ಭಾಗದ ಬಿಲ್ಲಿನಲ್ಲಿ ನಗರ, ಕೌಂಟಿ, ಸಾರ್ವಜನಿಕ ಕಾಲೇಜಾದ ಕಾಲಿನ್ ಕಾಲೇಜು, ಸಾರ್ವಜನಿಕ ಶಾಲೆಗಳನ್ನು ನಡೆಸುವ ಶಾಲಾ ಜಿಲ್ಲೆ ಎಂದು ನಾಲ್ಕು ಸಾಲುಗಳಿರುತ್ತವೆ. ಅವುಗಳಲ್ಲಿ ಶಾಲಾ ಜಿಲ್ಲೆಯದೊಂದೇ ಅರ್ಧಕ್ಕಿಂತ ಹೆಚ್ಚು. ಎಲ್ಲ ಸೇರಿ ದರ ಮನೆಯ ಮೌಲ್ಯದ ಸುಮಾರು ಶೇ. 1.7 ಆಗುತ್ತದೆ. ಕ್ಯಾರಿಯಲ್ಲಿ ವೇಕ್ ಕೌಂಟಿ ಮತ್ತು ಊರಿನ ದರ ಕೂಡಿದರೂ ಶೇ. 0.85ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಆದರೆ ಅಲ್ಲಿ ರಾಜ್ಯದ ಆದಾಯ ತೆರಿಗೆ 2026ಕ್ಕೆ ಶೇ. 3.99 ಇದೆ, ಮತ್ತು ಪ್ರತಿ ವರ್ಷ ಕಾರಿನ ನೋಂದಣಿಯನ್ನು ನವೀಕರಿಸುವಾಗ ಕಾರಿನ ಮೇಲೂ ಆಸ್ತಿ ತೆರಿಗೆ ಕಟ್ಟಬೇಕು.

ಏಳು ಲಕ್ಷ ಡಾಲರ್ ಬೆಲೆಯ ಮನೆ ಮತ್ತು ದಂಪತಿಗೆ ಎರಡು ಲಕ್ಷ ಡಾಲರ್ ಆದಾಯ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ವಾದದ ಬಿಸಿ ಇಳಿಯುತ್ತದೆ. ಟೆಕ್ಸಸ್‌ನಲ್ಲಿ ಸ್ವಂತ ವಾಸದ ಮನೆಗೆ ಸಿಗುವ ಹೋಮ್‌ಸ್ಟೆಡ್ ವಿನಾಯಿತಿಯಡಿ ಶಾಲಾ ತೆರಿಗೆಯ ಮಟ್ಟಿಗೆ ಮನೆಯ ಮೌಲ್ಯದಿಂದ 1,40,000 ಡಾಲರ್ ಕಳೆಯುತ್ತಾರೆ, ನಗರವೂ ಸ್ವಲ್ಪ ಬಿಡುತ್ತದೆ. ಆಗ ವರ್ಷಕ್ಕೆ ಸುಮಾರು ಹತ್ತು ಸಾವಿರ ಡಾಲರ್ ತೆರಿಗೆ ಬೀಳುತ್ತದೆ. ಕ್ಯಾರಿಯಲ್ಲಿ ಮನೆಯ ಮೇಲೆ ಆರು ಸಾವಿರ, ಆದಾಯದ ಮೇಲೆ ಸುಮಾರು ಏಳು ಸಾವಿರ, ಒಟ್ಟು ಹದಿಮೂರು. ಉಳಿದ ಮೂರು ಸಾವಿರದ ಅಂತರದಲ್ಲಿ ದೊಡ್ಡ ಪಾಲನ್ನು ಟೆಕ್ಸಸ್‌ನ ಮನೆ ವಿಮೆಯೇ ನುಂಗಿಬಿಡುತ್ತದೆ, ಏಕೆಂದರೆ ವಸಂತದಲ್ಲಿ ಬೀಳುವ ಆಲಿಕಲ್ಲು ಅಲ್ಲಿ ಛಾವಣಿಗಳನ್ನು ಹಾಳುಗೆಡಹುವುದು ಅಪರೂಪವಲ್ಲ, ಮತ್ತು ಗಾಳಿ ಹಾಗೂ ಆಲಿಕಲ್ಲಿನ ನಷ್ಟಕ್ಕೆ ಡಿಡಕ್ಟಿಬಲ್, ಅಂದರೆ ಮನೆಯವರೇ ಭರಿಸಬೇಕಾದ ಮೊದಲ ಪಾಲನ್ನು, ಮನೆಯ ವಿಮಾ ಮೊತ್ತದ ಶೇಕಡಾ ಒಂದೋ ಎರಡೋ ಎಂದು ನಿಗದಿಪಡಿಸುವುದು ಸಾಮಾನ್ಯ. ಆದಾಯ ಮೂರೂವರೆ ಲಕ್ಷಕ್ಕೆ ಏರಿದರೆ ಮಾತ್ರ ಟೆಕ್ಸಸ್‌ಗೆ ನಿಸ್ಸಂದೇಹವಾಗಿ ಗೆಲುವು. ಬಾಡಿಗೆಗಿದ್ದಾಗಲೂ ಅಷ್ಟೆ, ಸಂಬಳದ ಚೀಟಿ ನೋಡಿ ನಮಗೆ ಹಿಗ್ಗಾಗುತ್ತಿತ್ತು. ಆ ಹಿಗ್ಗನ್ನು ನೆಚ್ಚಿಕೊಂಡು ಮನೆ ಕೊಳ್ಳಬಾರದೆಂಬುದಷ್ಟೇ ನನ್ನ ಅಭಿಪ್ರಾಯ. ಫ್ರಿಸ್ಕೊದಿಂದ ಇನ್ನೂ ಉತ್ತರಕ್ಕೆ, ಸೆಲೈನಾ ಕಡೆಯ ಹೊಸ ಬಡಾವಣೆಗಳಲ್ಲಿ ರಸ್ತೆ ಮತ್ತು ನೀರಿನ ಸಾಲ ತೀರಿಸಲೆಂದು 'ಮಡ್' ಅಥವಾ 'ಪಿಡ್' ಹೆಸರಿನ ಇನ್ನೊಂದು ಸಾಲು ಬಿಲ್ಲಿನಲ್ಲಿ ಸೇರಿಕೊಳ್ಳುತ್ತದೆ. ಬಿಲ್ಡರ್‌ನ ಮಾದರಿ ಮನೆಯಲ್ಲಿ ಗ್ರಾನೈಟ್ ಕಟ್ಟೆಯನ್ನು ಸವರಿ ನೋಡುವ ಮೊದಲು ಅದನ್ನು ಕೇಳಬೇಕು.

ಕೊಳ್ಳುವ ವಿಧಾನದಲ್ಲಿ ಟೆಕ್ಸಸ್ ಕೊಳ್ಳುವವರ ಪರವಾಗಿದೆ. ಅಲ್ಲಿ ಸಣ್ಣ ಮೊತ್ತದ ಆಪ್ಷನ್ ಶುಲ್ಕ ಕೊಟ್ಟು, ಗೊತ್ತುಪಡಿಸಿದ ದಿನಗಳೊಳಗೆ ಮನೆ ತಪಾಸಣೆ ಮಾಡಿಸಿ, ಇಷ್ಟವಾಗದಿದ್ದರೆ ಹೊರಬರಬಹುದು. ನಾರ್ತ್ ಕ್ಯಾರೊಲಿನಾದಲ್ಲಿ ತಪಾಸಣೆಯ ಕಾಲಾವಕಾಶಕ್ಕೆಂದು ಕೊಡುವ ಡ್ಯೂ ಡಿಲಿಜೆನ್ಸ್ ಹಣವೆಂಬುದು ಕೊಳ್ಳುವವರ ಕೈಯಿಂದ ನೇರವಾಗಿ ಮಾರುವವರಿಗೆ ಹೋಗುತ್ತದೆ, ಮತ್ತು ತಪಾಸಣೆಯಲ್ಲಿ ಏನೇ ದೋಷ ಕಂಡು ನಾವು ಹಿಂದೆ ಸರಿದರೂ ಅದು ಮರಳಿ ಬರುವುದಿಲ್ಲ. ಪೈಪೋಟಿಯಿರುವ ಬಡಾವಣೆಗಳಲ್ಲಿ ಈ ಮೊತ್ತ ಸಾವಿರಗಳಲ್ಲಿ ಏರುತ್ತದೆ. ಇದರಲ್ಲಿ ಕ್ಯಾರಿಗೆ ನಾನು ಯಾವ ರಿಯಾಯಿತಿಯನ್ನೂ ತೋರಲಾರೆ. ಅದಕ್ಕೆ ಸರಿಸಮನಾಗಿ ಫ್ರಿಸ್ಕೊದ ಮಣ್ಣಿನ ಬಾಧೆಯೊಂದಿದೆ: ಆ ಜೇಡಿಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಕುಗ್ಗುತ್ತದೆ. ನಮ್ಮ ಬಾಡಿಗೆ ಮನೆಯ ಸುತ್ತ, ತಳಪಾಯದಿಂದ ಸ್ವಲ್ಪ ದೂರದಲ್ಲಿ, ಸಣ್ಣ ರಂಧ್ರಗಳ ಕಪ್ಪು ಪೈಪನ್ನು ಹಾಸಿದ್ದರು. ಗಿಡಗಳಿಗಲ್ಲ, ಮಣ್ಣು ಒಣಗಿ ತಳಪಾಯ ಬಿರುಕು ಬಿಡದಿರಲೆಂದು ನೀರುಣಿಸುವುದಕ್ಕೆ. ಅದರ ನಲ್ಲಿಯನ್ನು ತಿರುಗಿಸುವ ಹೊಣೆ ಬಾಡಿಗೆ ಕರಾರಿನಲ್ಲಿಯೇ ನಮ್ಮ ಮೇಲೆ ಬಂದಿತ್ತು.

ಶಾಲೆಯ ವಿಷಯದಲ್ಲಿ ಎರಡೂ ಊರುಗಳಿಗೆ ಒಳ್ಳೆಯ ಹೆಸರಿದೆ, ಆದರೆ ಅವು ನಡೆಯುವ ಬಗೆ ಬೇರೆಯೇ. ಫ್ರಿಸ್ಕೊದ ಶಾಲಾ ಜಿಲ್ಲೆ ಊರಿನ ಸುತ್ತಮುತ್ತಲಿಗೆ ಸೀಮಿತವಾದದ್ದು, ಪ್ರಾಥಮಿಕ ಶಾಲೆ ಹೆಚ್ಚಾಗಿ ಬಡಾವಣೆಯೊಳಗೇ ಇರುತ್ತದೆ, ಮತ್ತು ಮಗಳು ಪಕ್ಕದ ಮನೆಯ ಹುಡುಗಿಯ ಕೈಹಿಡಿದು ನಡೆದೇ ಹೋಗುತ್ತಿದ್ದಳು. ಕ್ಯಾರಿಯ ಮಕ್ಕಳು ಸೇರುವುದು ವೇಕ್ ಕೌಂಟಿ ಇಡಿಯದಕ್ಕೂ ಒಂದೇ ಆಗಿರುವ ವಿಶಾಲ ಶಾಲಾ ವ್ಯವಸ್ಥೆಗೆ. ಅಲ್ಲಿ ವಿಳಾಸಕ್ಕೊಂದು ಮೂಲ ಶಾಲೆ ಗೊತ್ತಾಗಿದ್ದರೂ, ಆ ಶಾಲೆ ತುಂಬಿ 'ಕ್ಯಾಪ್' ಆಗಿದ್ದರೆ ಹೊಸದಾಗಿ ಬಂದ ಮಗುವನ್ನು ಬೇರೊಂದು ಶಾಲೆಗೆ ಕಳಿಸುತ್ತಾರೆ. ಊರು ಬೆಳೆದಂತೆ ಗಡಿಗಳನ್ನು ಮರುಹಂಚುವುದೂ ಉಂಟು.

ಇದರ ಮೇಲೆ ಅಲ್ಲಿಯ ಹಲವು ಶಾಲೆಗಳು ವರ್ಷವಿಡೀ ನಡೆಯುವ ಪಂಚಾಂಗವನ್ನು ಅನುಸರಿಸುತ್ತವೆ: ಮಕ್ಕಳನ್ನು 'ಟ್ರ್ಯಾಕ್' ಎಂಬ ನಾಲ್ಕು ಗುಂಪುಗಳಾಗಿ ವಿಂಗಡಿಸಿ, 45 ದಿನ ಪಾಠ, 15 ದಿನ ರಜೆ ಎಂಬ ಸರದಿಯಲ್ಲಿ ಜುಲೈಯಿಂದಲೇ ತರಗತಿಗಳು ಆರಂಭವಾಗುತ್ತವೆ. ಕೇಳಿದಾಗ ನಮಗೆ ಇದು ತಲೆನೋವೆನಿಸಿತ್ತು. ನಡೆಸಿ ನೋಡಿದ ಮೇಲೆ, ಮೂರು ವಾರಗಳ ಬಿಡುವುಗಳು ಚಿಕ್ಕ ಮಗುವಿಗೆ ಉದ್ದ ಬೇಸಗೆ ರಜೆಗಿಂತ ಹಿತವೆಂದೇ ಕಂಡಿತು. ಬಿಡುವಿನ ಹಗಲುಗಳಿಗೆ ಟ್ರ್ಯಾಕ್-ಔಟ್ ಕ್ಯಾಂಪ್‌ಗಳನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಬೇಕಾದದ್ದು, ಅದರ ಖರ್ಚು, ಮುಂದೆ ಮಗ ಶಾಲೆಗೆ ಸೇರುವಾಗ ಅಕ್ಕ ಇನ್ನೊಂದು ಪಂಚಾಂಗದ ಮಿಡ್ಲ್ ಸ್ಕೂಲಿನಲ್ಲಿರಬಹುದೆಂಬ ಯೋಚನೆ, ಇವು ಮಾತ್ರ ಉಳಿದೇ ಇವೆ. ಶಾಲೆ ಯಾವುದೆಂದು ಮೊದಲೇ ಖಚಿತವಾಗಿ ತಿಳಿದಿರಬೇಕು ಎನ್ನುವವರಿಗೆ ಫ್ರಿಸ್ಕೊ ಮೇಲು.

ಹೊರಗಿನ ಆಟದ ಹೊತ್ತು ನಮ್ಮ ತಕ್ಕಡಿಯನ್ನು ವಾಲಿಸಿತು. ಫ್ರಿಸ್ಕೊದಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ತಾಪಮಾನ ಮತ್ತೆ ಮತ್ತೆ 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತದೆ, ಹೊಸ ಬಡಾವಣೆಗಳ ಮರಗಳು ಇನ್ನೂ ಆಸರೆಯ ಗೂಟಕ್ಕೆ ಕಟ್ಟಿದ ಸಸಿಗಳೇ, ಮತ್ತು ಆಟದ ಮೈದಾನದ ಜಾರುಬಂಡೆಯ ಮೇಲೆ ಬೆಳಿಗ್ಗೆ ಹತ್ತರ ಹೊತ್ತಿಗಾಗಲೇ ಅಂಗೈ ಇಟ್ಟು ನೋಡದೆ ಮಗುವನ್ನು ಕೂರಿಸುವಂತಿರಲಿಲ್ಲ. ಆ ತಿಂಗಳುಗಳಲ್ಲಿ ನಮ್ಮನ್ನು ಕಾಪಾಡಿದ್ದು ಊರಿನ ಸಾರ್ವಜನಿಕ ಗ್ರಂಥಾಲಯ. ಬಾಗಿಲೊಳಗೆ ಕಾಲಿಟ್ಟರೆ ಎದುರಾಗುವ 'ರೆಕ್ಸಿ' ಎಂಬ ಟೈರನೊಸಾರಸ್ ಅಸ್ಥಿಪಂಜರದ ಪ್ರತಿಕೃತಿಗೆ ಮಗ ಪ್ರತಿ ಸಲವೂ ಕೈಬೀಸುತ್ತಿದ್ದ, ಮತ್ತು ಅಂಥ ಮಕ್ಕಳ ವಿಭಾಗವನ್ನು ನಾನು ಬೇರೆಲ್ಲೂ ಕಂಡಿಲ್ಲ. ಕ್ಯಾರಿಯಲ್ಲಿ ಸೆಕೆ ಇದೆ, ಸೊಳ್ಳೆ ಇದೆ, ಕಾಡಂಚಿನಲ್ಲಿ ಆಡಿ ಬಂದ ಮಕ್ಕಳ ಮೈಯಲ್ಲಿ ಉಣ್ಣಿ ಹುಡುಕಬೇಕಾಗುತ್ತದೆ, ಮಾರ್ಚ್ ಕೊನೆಯಲ್ಲಿ ಪೈನ್ ಪರಾಗ ಕಾರಿನ ಮೇಲೆ ಅರಿಸಿನದಂತೆ ಕೂರುತ್ತದೆ. ಆದರೂ ಬಾಂಡ್ ಪಾರ್ಕಿನ ಕೆರೆಯ ಸುತ್ತಲಿನ ನೆರಳಿನಲ್ಲಿ, ಬ್ಲ್ಯಾಕ್ ಕ್ರೀಕ್ ಗ್ರೀನ್‌ವೇಯಂಥ ಹಾದಿಗಳಲ್ಲಿ, ಬೇಸಗೆಯ ಸಂಜೆಯೂ ಸ್ಟ್ರೋಲರ್ ತಳ್ಳಿಕೊಂಡು ನಡೆಯಬಹುದು. ಅಲ್ಲಿ ಮಕ್ಕಳು ರಾತ್ರಿ ಬೇಗ ನಿದ್ದೆ ಹೋಗುತ್ತಿದ್ದರು ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿದ್ದೇನೆ.

ಕನ್ನಡದ ಕೊರತೆ ಎಲ್ಲಿಯೂ ಕಾಡಲಿಲ್ಲ. ಡಲ್ಲಾಸ್ ಕಡೆ ಮಲ್ಲಿಗೆ, ರಾಲಿ ಕಡೆ ಸಂಪಿಗೆ ಎಂಬ ಕನ್ನಡ ಸಂಘಗಳಿವೆ, ಫ್ರಿಸ್ಕೊದಲ್ಲಿ ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನ, ಕ್ಯಾರಿಯಲ್ಲಿ ವೆಂಕಟೇಶ್ವರ ದೇವಸ್ಥಾನ. ಊರಿನಿಂದ ಅಪ್ಪ ಅಮ್ಮ ಬರುವ ವಿಷಯದಲ್ಲಿ ಮಾತ್ರ ಅಂತರ ದೊಡ್ಡದು: ಡಲ್ಲಾಸ್ ವಿಮಾನ ನಿಲ್ದಾಣದಿಂದ ದುಬೈ ಅಥವಾ ದೋಹಾ ಮೂಲಕ ಒಂದೇ ಬದಲಾವಣೆಯಲ್ಲಿ ಬೆಂಗಳೂರು ತಲುಪಬಹುದು, ರಾಲಿಯಿಂದ ಯುರೋಪಿನ ಮೂಲಕ ಅಂಥ ಸಂಪರ್ಕವಿದ್ದರೂ ಆಯ್ಕೆಗಳು ಕಡಿಮೆ.

ಆದಾಯ ಹೆಚ್ಚಿರುವವರಿಗೆ, ಹಿರಿಯರು ಪದೇ ಪದೇ ಬಂದುಹೋಗುವ ಮನೆಯವರಿಗೆ, ಹೊಸ ಕಟ್ಟಡವೇ ಬೇಕೆನ್ನುವವರಿಗೆ ನಾನು ಫ್ರಿಸ್ಕೊವನ್ನೇ ಸೂಚಿಸುತ್ತೇನೆ. ನಾವು ಕ್ಯಾರಿಯಲ್ಲಿ ಮನೆ ನೋಡುತ್ತಿದ್ದೇವೆ. ಯಾವ ಮನೆ ಮೆಚ್ಚಿಗೆಯಾದರೂ ಅದರ ವಿಳಾಸದ ಮೂಲ ಶಾಲೆ ಈ ವರ್ಷ ಕ್ಯಾಪ್ ಆಗಿದೆಯೇ, ಪಂಚಾಂಗ ಯಾವುದು ಎಂಬುದನ್ನು ಶಾಲಾ ಕಚೇರಿಯಿಂದ ತಿಳಿದುಕೊಂಡ ಮೇಲೆಯೇ ಡ್ಯೂ ಡಿಲಿಜೆನ್ಸ್ ಚೆಕ್ಕಿಗೆ ಸಹಿ ಹಾಕುವುದೆಂದು ಇಬ್ಬರೂ ಒಪ್ಪಿಕೊಂಡಿದ್ದೇವೆ.