ಎರಡು ವರ್ಷ ಬಳಸಿದ ಮೇಲೆ: ಇಂಗ್ಲಿಷ್ ಪದ ಹುಡುಕುವ ಆ್ಯಪ್

ಜೀನ್ಸ್ ಅಂದ್ರೆ ಏನು ಅಂತ ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಓಣಿಯಲ್ಲೇ ಮೂರು ಮನೆಯಲ್ಲಿ ಜೀನ್ಸ್ ಹೊಲಿಯುವ ಮಷಿನ್ ಇವೆ. ನಾನು ಹಗಲು ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯುತ್ತೇನೆ, ಸಂಜೆ ಮನೆಯಲ್ಲಿ ಟ್ಯೂಷನ್ ಮಾಡುತ್ತೇನೆ. ಆದರೆ ನಾನು ದುಡ್ಡು ಕಟ್ಟಿ ಬಳಸುವ ಆ್ಯಪ್‌ಗೆ ಮಾತ್ರ ಜೀನ್ಸ್ ಗೊತ್ತಿಲ್ಲ. ಆ ಪದ ಒತ್ತಿದರೆ ಕನ್ನಡ ಅರ್ಥ 'ವಂಶವಾಹಿಗಳು' ಅಂತ ಬರುತ್ತದೆ, ಅದೇ ಉಚ್ಚಾರದ ಬೇರೆ ಪದ ಜಿ-ಇ-ಎನ್-ಇ-ಎಸ್‌ನ ಅರ್ಥ.

ಆ್ಯಪ್ ಹೆಸರು ಬರೆಯಲ್ಲ. ಇಂಥವು ಹತ್ತಾರು ಇವೆ, ಎಲ್ಲದರ ಹಣೆಬರಹವೂ ಹೆಚ್ಚುಕಮ್ಮಿ ಇದೇ.

ಇದನ್ನು ಹಾಕಿಕೊಂಡಿದ್ದು ವರ್ಡಲ್ ಹುಚ್ಚಿನಿಂದ. ಐದು ಅಕ್ಷರದ ಪದ ಊಹಿಸಬೇಕು, ಆರು ಅವಕಾಶ. ಜಾಶ್ ವಾರ್ಡಲ್ ಎಂಬುವರು ಮಾಡಿ 2021ರಲ್ಲಿ ಎಲ್ಲರಿಗೂ ಬಿಟ್ಟ ಆಟ. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡುಕೊಂಡಿತು. ನನಗೆ ಹತ್ತಿದ್ದು ಸ್ವಲ್ಪ ತಡವಾಗಿ. ಐದನೇ ಸಲಕ್ಕೆ ಬಂದು ಸಿಕ್ಕಿಹಾಕಿಕೊಂಡಾಗ ಸುಮ್ನೆ ಕಳ್ಳದಾರಿ ಹುಡುಕಿದೆ. ಈ ಆ್ಯಪ್ ಸಿಕ್ಕಿತು.

ಹುಡುಕುವ ಕೆಲಸದಲ್ಲಿ ಇದಕ್ಕೆ ಹೆಸರಿಡೋ ಹಾಗಿಲ್ಲ. ನಾಲ್ಕು ಖಾನೆ ಇವೆ: ಎಷ್ಟು ಅಕ್ಷರ, ಯಾವ ಅಕ್ಷರ ಯಾವ ಜಾಗದಲ್ಲಿ, ಯಾವುದು ಇರಲೇಬೇಕು, ಯಾವುದು ಬೇಡ. ಐದು ಅಕ್ಷರ, ಎರಡನೆಯದು ಆರ್, ಕೊನೆಯದು ಇ, ಒಳಗೆ ಎ ಇರಬೇಕು, ಎಸ್ ಮತ್ತು ಟಿ ಬೇಡ ಅಂತ ಕೊಡಿ. ಕ್ರೇನ್, ಫ್ರೇಮ್, ಗ್ರೇಪ್, ಬ್ರೇವ್, ಗ್ರೇಡ್, ಕ್ರೇಜ್ ಅಂತ ಕಣ್ಣು ಮಿಟುಕಿಸೋದರೊಳಗೆ ಸಾಲುಗಟ್ಟುತ್ತವೆ. ನೆಟ್ ಇಲ್ಲದಿದ್ದರೂ, ನನ್ನ ಹಳೇ ಫೋನಿನಲ್ಲೂ.

ಆಮೇಲೆ ಇದು ಟ್ಯೂಷನ್‌ಗೆ ಬಂತು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು, "ಮಿಸ್, ವವೆಲ್ ಇಲ್ಲದೆ ಪದ ಇರ್ತಾವಾ?" ಅಂತ ಕೇಳಿದಳು. ಎ, ಇ, ಐ, ಓ, ಯು ಐದನ್ನೂ 'ಬೇಡ' ಖಾನೆಗೆ ಹಾಕಿದೆ. ನಿಂಫ್, ಲಿಂಫ್, ಕ್ರಿಪ್ಟ್, ಪಿಗ್ಮಿ, ಟ್ರಿಸ್ಟ್ ಎಲ್ಲ ಬಂದವು. ಎಲ್ಲದರಲ್ಲೂ ವೈ ಅಕ್ಷರವೇ ಸ್ವರದ ಕೆಲಸ ಮಾಡುತ್ತದೆ. ಟ್ರಿಸ್ಟ್ ನೆಹರು 1947ರ ಆಗಸ್ಟ್ 14ರ ರಾತ್ರಿ ಭಾಷಣದಲ್ಲಿ ಹೇಳಿದ ಪದ ಅಂತ ಹೇಳಿದೆ. ಆ್ಯಪ್ ಬರೀ 'ಭೇಟಿ' ಅಂದಿತು. ನಾನು ಡಿಕ್ಷನರಿ ತೆಗೆದು, ಮೊದಲೇ ಮಾತಾಡಿಕೊಂಡು ಗುಟ್ಟಾಗಿ ಸೇರುವುದು, ಅದರಲ್ಲೂ ಪ್ರೀತಿಸುವವರು, ಅಂತ ಓದಿದೆ. ಹಿಂದಿನ ಸಾಲಿನಲ್ಲಿ ಕಿಸಕಿಸ ಶುರು. ಆ ಪದವನ್ನು ಅವರು ಈ ಜನ್ಮದಲ್ಲಿ ಮರೆಯಲ್ಲ.

ಇದೇ ನೋಡಿ ನನ್ನ ತಕರಾರು. ಪದ ಕೊಡುತ್ತದೆ, ಅರ್ಥದ ಹೊತ್ತಿಗೆ ಕೈ ಎತ್ತುತ್ತದೆ. ಕ್ರೇನ್‌ಗೆ 'ಕೊಕ್ಕರೆ' ಅಂತ ಒಂದೇ ಅರ್ಥ. ಅವತ್ತು ಎದುರಿಗೆ ಕೂತಿದ್ದ ಹುಡುಗನ ಅಪ್ಪ ತೋರಣಗಲ್ಲಿನ ಸ್ಟೀಲ್ ಫ್ಯಾಕ್ಟರಿಯಲ್ಲಿ ಕ್ರೇನ್ ಆಪರೇಟರ್. "ನಮ್ಮಪ್ಪ ಕೊಕ್ಕರೆ ಓಡಿಸ್ತಾರಾ ಮಿಸ್?" ಅಂದ. ಉದ್ದ ಕತ್ತಿನ ಹಕ್ಕಿಯ ಹೆಸರೇ ಆ ಮಷಿನ್‌ಗೂ ಬಂದಿದ್ದು. ಅದನ್ನು ಒಂದು ಸಾಲಿನಲ್ಲಿ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಲ್ವಾ? ಡೆನಿಮ್ ಕೂಡ ಹಾಗೇ. ಫ್ರಾನ್ಸಿನ ನೀಮ್ ಎಂಬ ಊರಿನಿಂದ ಬಂದ ಹೆಸರು. ಜೀನ್ಸ್ ಇಟಲಿಯ ಜಿನೋವಾದಿಂದ. ಎರಡೂ ಐದೈದು ಅಕ್ಷರ. ನಮ್ಮೂರ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ಇನ್ನು ಮನೆಯಲ್ಲಿ ತೆಲುಗು ಮಾತಾಡುವ ಹುಡುಗನೊಬ್ಬ, ಬ್ಯಾಂಡಿಕೂಟ್ ಅನ್ನೋದು ತಮ್ಮ 'ಪಂದಿಕೊಕ್ಕು' ಅಂತ ನನ್ನಿಂದ ತಿಳಿದ ದಿನ ಕ್ಲಾಸಿಗೆಲ್ಲ ಸಾರಿಕೊಂಡು ಬಂದ. ಆ್ಯಪ್‌ನಲ್ಲಿ ಬರೀ 'ಇಲಿ'. ಹೆಗ್ಗಣ ಅಂತಲೂ ಇಲ್ಲ.

ಸ್ಪೆಲ್ಲಿಂಗ್‌ನಲ್ಲಿ ಒಂದು ಪೆಟ್ಟೂ ತಿಂದೆ. ಐದು ಅಕ್ಷರದ ಪಟ್ಟಿಯಲ್ಲಿ 'ಕಲರ್' ಬಂತು, ಯು ಇಲ್ಲದ್ದು. ಒಬ್ಬ ಅದನ್ನೇ ಬಾಯಿಪಾಠ ಮಾಡಿ ಟೆಸ್ಟ್‌ನಲ್ಲಿ ಬರೆದ, ಕೆಂಪು ಗೀಟು ಬಿತ್ತು. ನಮ್ಮ ಪುಸ್ತಕದಲ್ಲಿರುವುದು ಬ್ರಿಟಿಷ್ ಸ್ಪೆಲ್ಲಿಂಗ್, ಆರು ಅಕ್ಷರ. ವರ್ಡಲ್‌ನಲ್ಲೂ 2022ರಲ್ಲಿ ಅಮೆರಿಕದ 'ಫೇವರ್' ಉತ್ತರವಾಗಿ ಬಂದಾಗ ಬ್ರಿಟನ್ನಿನವರು ಗೊಣಗಿದ್ದರು. ಅಂಥದ್ದಕ್ಕೆ ಪಕ್ಕದಲ್ಲಿ ಒಂದು ಗುರುತು ಹಾಕಿದರೆ ಸಾಕಿತ್ತು. ಹುಡುಗನ ತಾಯಿ ಮನೆಗೆ ಬಂದು ಕೇಳಿದಾಗ ನಾನು ಆ್ಯಪ್ ಮೇಲೆ ಹಾಕಲಾಗಲಿಲ್ಲ. ತಪ್ಪು ನನ್ನದೇ, ನೋಡಿಕೊಳ್ಳದೆ ಕೊಟ್ಟೆ.

ಜಾಸ್ತಿ ಉಪಯೋಗ ಆಗಿದ್ದು ನನ್ನ ಮೈದುನನಿಗೆ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾನೆ. ರೀಸನಿಂಗ್‌ನಲ್ಲಿ ಒಂದು ಪ್ರಶ್ನೆ ಇರುತ್ತದೆ: ಒಂದು ಪದದಿಂದ ನಾಲ್ಕು ಅಕ್ಷರ ತೆಗೆದು, ಒಂದನ್ನು ಒಂದೇ ಸಲ ಬಳಸಿ ಅರ್ಥ ಇರುವ ಎಷ್ಟು ಇಂಗ್ಲಿಷ್ ಪದ ಮಾಡಬಹುದು? ಒಂದು ರಾತ್ರಿ ಊಟದ ಹೊತ್ತಿಗೆ ಎ, ಇ, ಎಲ್, ಟಿ ಹಿಡಿದು ಕೂತ. ಲೇಟ್, ಟೇಲ್, ಎರಡು ಅಂದ. ಮಾಡೆಲ್ ಪೇಪರ್‌ನಲ್ಲಿ ಉತ್ತರ ಮೂರು. ಆ್ಯಪ್ ತೆಗೆದರೆ ಟೀಲ್ ಬಂತು, ಟಿ-ಇ-ಎ-ಎಲ್, ಒಂದು ಜಾತಿ ಬಾತುಕೋಳಿ. ಸರಿ ಅಂದುಕೊಂಡೆವು. ಆದರೆ ಅದರ ಕೆಳಗೆ ಇನ್ನೂ ಇವೆ! ಚೀನಾದವರ ಹಳೇ ತೂಕದ 'ಟೇಲ್', ಟಿ-ಎ-ಇ-ಎಲ್. ಗಿರಣಿಗೆ ನೀರು ತರುವ ಸಣ್ಣ ಕಾಲುವೆ 'ಲೀಟ್', ಎಲ್-ಇ-ಎ-ಟಿ.

"ಅತ್ತಿಗೆ, ಎಷ್ಟು ಅಂತ ಟಿಕ್ ಮಾಡ್ಲಿ?" ಅಂತ ಕೇಳಿದ, ಕೈಯಲ್ಲಿ ರೊಟ್ಟಿ ಹಾಗೇ ಇತ್ತು.

ಪರೀಕ್ಷೆಗೆ ಮೂರು ಅಂತಲೇ ಹೇಳಿದೆ. ಆ್ಯಪ್‌ಗೆ ದಿನಬಳಕೆಯ ಪದವೂ ಒಂದೇ, ಸ್ಕ್ರ್ಯಾಬಲ್ ಅನ್ನೋ ಪದ ಜೋಡಿಸುವ ಆಟ ಆಡುವವರಿಗೆ ಮಾತ್ರ ಗೊತ್ತಿರುವ ಪದವೂ ಒಂದೇ. ರಾಶಿ ಸುರಿಯುತ್ತದೆ, ಕೇರಿ ಕೊಡುವುದಿಲ್ಲ. ಮೊರ ನಾವೇ ಹಿಡಿಯಬೇಕು. ಅದಕ್ಕೇ ಅವನಿಗೆ ಒಂದು ನಿಯಮ ಮಾಡಿದ್ದೇನೆ: ಮೊದಲು ಪೆನ್ನಿನಲ್ಲಿ ಎರಡು ನಿಮಿಷ, ಆಮೇಲೆ ಫೋನು. ನಿಯಮ ನನಗೆ ಅನ್ವಯಿಸಲ್ಲ, ವರ್ಡಲ್‌ನಲ್ಲಿ ಈಗಲೂ ಕಳ್ಳಿಯೇ.

ದುಡ್ಡಿನ ವಿಷಯ: ಪುಕ್ಕಟೆ ಇದ್ದಾಗ ಮೂರು ಸಲ ಹುಡುಕಿದರೆ ಒಂದು ಜಾಹೀರಾತು. ಮಕ್ಕಳ ಮುಂದೆ ರಮ್ಮಿ ಜಾಹೀರಾತು ಬಂದ ದಿನವೇ ವರ್ಷಕ್ಕೆ 249 ರೂಪಾಯಿ ಕಟ್ಟಿಬಿಟ್ಟೆ. ಬ್ಯಾಟರಿ ತಿನ್ನಲ್ಲ. ಕನ್ನಡದ ಪದ ಹುಡುಕುತ್ತೀನಿ ಅಂದುಕೊಂಡರೆ ಆಗಲ್ಲ. 'ಬಳ್ಳಾರಿ'ಗೆ ನಮ್ಮಲ್ಲಿ ಮೂರೇ ಅಕ್ಷರ, ಇಂಗ್ಲಿಷ್‌ನಲ್ಲಿ ಏಳು. 2014ರಲ್ಲಿ ಸ್ಪೆಲ್ಲಿಂಗ್ ಬದಲಾದ ಮೇಲೂ ಏಳೇ, ಅದೊಂದು ಪುಣ್ಯ.

ಐದಕ್ಕೆ ಮೂರು ಸ್ಟಾರ್. ಹುಡುಕಾಟಕ್ಕೆ ಪೂರ್ತಿ ಐದು, ಅರ್ಥಕ್ಕೆ ಒಂದು ಅಂತ ಲೆಕ್ಕ ಹಾಕಿ ಕೊಟ್ಟಿದ್ದು. ಜೀನ್ಸ್ ಅರ್ಥ ತಪ್ಪಿದೆ ಅಂತ ಅವರಿಗೆ ಎರಡು ಸಲ ಬರೆದೆ. ಎರಡು ಸಲವೂ 'ನಿಮ್ಮ ಸಲಹೆಗೆ ಧನ್ಯವಾದ' ಅಂತ ಉತ್ತರ ಬಂತು. ಇವತ್ತು ಬೆಳಿಗ್ಗೆ ಯೂನಿಟ್‌ನಲ್ಲಿ ಕೂತು ಮತ್ತೆ ನೋಡಿದೆ. ಸುತ್ತಲೂ ರಾಶಿ ರಾಶಿ ವಂಶವಾಹಿಗಳು, ಸೈಜ್ 28ರಿಂದ 40ರವರೆಗೆ.